ಅಲೆ ತಲುಪಿದ್ದಕ್ಕೆ ಅಂಚೆಯ ಸಾಕ್ಷಿ

ಹವ್ಯಾಸಿ (ಹ್ಯಾಮ್) ರೇಡಿಯೊದವರ ನಕ್ಷೆಯಲ್ಲಿ ಹಟ್ಟಿ ಚಿನ್ನದ ಗಣಿ ಇರುವ ಚೌಕದ ಹೆಸರು ಎಂಕೆ86. ಲಿಂಗಸುಗೂರೂ ಅದರಲ್ಲೇ ಸೇರುತ್ತದೆ. 16ನೇ ಅಕ್ಷಾಂಶದ ತೆಂಕಣಕ್ಕಿರುವ ಮಸ್ಕಿ, ಸಿಂಧನೂರು ಎಂಕೆ85ರಲ್ಲಿವೆ. ಇಲ್ಲಿಂದ ಯಾರಾದರೂ ಜಪಾನಿನವರೊಡನೆ ರೇಡಿಯೊದಲ್ಲಿ ಮಾತಾಡಿ, ಅದಕ್ಕೆ ಸಾಕ್ಷಿಯಾಗಿ ಕ್ಯೂಎಸ್‌ಎಲ್ ಕಾರ್ಡು ಕಳಿಸಿದರೆ, ಕರೆಸಂಕೇತದ ಪಕ್ಕದಲ್ಲಿ ಈ ಚೌಕದ ಹೆಸರನ್ನೂ ಬರೆಯುವುದು ವಾಡಿಕೆ.

ಅಮೆರಿಕದಲ್ಲಿ 1916ರ ಹೊತ್ತಿಗೇ ಇಂಥ ಕಾರ್ಡುಗಳು ಓಡಾಡತೊಡಗಿದ್ದವು. ಮೊದಲ ಮಹಾಯುದ್ಧ ಮುಗಿದ ಮೇಲೆ ಕರೆಸಂಕೇತ, ದಿನಾಂಕ, ಸಮಯ, ತರಂಗ, ದನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎಂಬ ವಿವರಗಳ ಚೌಕಟ್ಟು ನೆಲೆಗೊಂಡಿತು. ಭಾರತದ ಮೊದಲ ಹ್ಯಾಮ್ ಪರವಾನಗಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಸಿಕ್ಕಿತು. ‘ವಿಯು’ ಎಂದು ಶುರುವಾಗುವ ಕರೆಸಂಕೇತಗಳು ಬಂದದ್ದು 1929ರಲ್ಲಿ.

ಸಮಯದ ಅಂಕಣ ಹೊಸಬರನ್ನು ಈಗಲೂ ಕಾಡುತ್ತದೆ. ಅಲ್ಲಿ ಬರೆಯಬೇಕಾದದ್ದು ವಿಶ್ವಸಮಯ. ನಮ್ಮಲ್ಲಿ 5ನೇ ತಾರೀಖು ನಸುಕಿನ ಎರಡು ಗಂಟೆಗೆ ಮಾತಾಡಿದರೆ ಕಾರ್ಡಿನಲ್ಲಿ 4ನೇ ತಾರೀಖು, 20:30 ಎಂದಿರಬೇಕು. ದಿನಾಂಕ ತಪ್ಪಿದ ಕಾರ್ಡು ಆ ಕಡೆಯ ಲಾಗ್ ಪುಸ್ತಕಕ್ಕೆ ತಾಳೆಯಾಗುವುದಿಲ್ಲ.

ಇನ್ನು ಖರ್ಚು. ಅಲೆ ಕ್ಷಣದಲ್ಲಿ ಕಡಲು ದಾಟಿದರೂ ಕಾರ್ಡು ಅಂಚೆಯನ್ನೇ ನಂಬಬೇಕಿತ್ತು. ಉತ್ತರದ ಅಂಚೆವೆಚ್ಚಕ್ಕೆಂದು ಅಂತರರಾಷ್ಟ್ರೀಯ ಕೂಪನ್ ಇಡುತ್ತಿದ್ದರು, ಇಲ್ಲವೇ ಡಾಲರ್ ನೋಟು. ಆ ನೋಟಿಗೆ ಹ್ಯಾಮ್‌ಗಳು ಇಟ್ಟ ಹೆಸರು ‘ಹಸಿರು ಅಂಚೆಚೀಟಿ’. ಲಕೋಟೆಯ ಮೇಲೆ ಕರೆಸಂಕೇತ ಕಂಡರೆ ಒಳಗೆ ದುಡ್ಡಿದೆಯೆಂದು ಕಳ್ಳನಿಗೂ ಗೊತ್ತಾಗುತ್ತದೆ, ಬರೆಯಬೇಡಿ ಎಂಬುದು ಹಳಬರ ಬುದ್ಧಿಮಾತು. ಅಷ್ಟು ಖರ್ಚು ತಾಳದವರಿಗೆ ಕ್ಯೂಎಸ್‌ಎಲ್ ಬ್ಯೂರೊ ಇತ್ತು. ಒಂದೊಂದು ದೇಶದ ಕಾರ್ಡನ್ನು ಒಟ್ಟು ಮಾಡಿ ಕಟ್ಟು ಕಟ್ಟಿ ಕಳಿಸುವ ಏರ್ಪಾಡು ಅದು. ಅಗ್ಗ, ನಿಜ, ಆದರೆ ಉತ್ತರ ಬರುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು. ಪರವಾನಗಿ ಇಲ್ಲದೆ ಬರೀ ಕೇಳುವವರಿಗೂ ಕಾರ್ಡು ಸಿಗುತ್ತಿತ್ತು. ಶಾರ್ಟ್‌ವೇವ್‌ನಲ್ಲಿ ಏನು ಕೇಳಿಸಿತೆಂದು ಬರೆದವರಿಗೆ ಆಕಾಶವಾಣಿಯೂ ಕಾರ್ಡು ಕಳಿಸಿದೆ. ಹಳ್ಳಿಗಾಡಿನ ಕೇಳುಗರಿಗೆ ಈ ಹವ್ಯಾಸಕ್ಕಿದ್ದ ಸುಲಭದ ಬಾಗಿಲು ಅದೇ ಎಂದು ನನ್ನ ಅನಿಸಿಕೆ.

ಕಾರ್ಡಿಗೆ ಇಷ್ಟು ಬೆಲೆ ಬರಲು ಕಾರಣ ಪ್ರಶಸ್ತಿಗಳು. 1937ರಲ್ಲಿ ಶುರುವಾದ ಡಿಎಕ್ಸ್‌ಸಿಸಿ ಪ್ರಶಸ್ತಿಗೆ ನೂರು ‘ದೇಶ’ಗಳೊಡನೆ ಮಾತಾಡಿದ ಪುರಾವೆ ಬೇಕು. ಆ ಪಟ್ಟಿಯಲ್ಲಿ ಅಂಡಮಾನ್ ಬೇರೆ, ಲಕ್ಷದ್ವೀಪ ಬೇರೆ! ಹಾಗಾಗಿ 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಹೆಸರಲ್ಲಿ ಕರೆದಾಗ ಲೋಕದ ಹ್ಯಾಮ್‌ಗಳೆಲ್ಲ ಮುಗಿಬಿದ್ದರು. 26ರಂದು ಸುನಾಮಿ ಅಪ್ಪಳಿಸಿತು; ಕಾರ್ಡಿಗಾಗಿ ತೆರೆದ ಕೇಂದ್ರ ಪರಿಹಾರದ ಸುದ್ದಿ ಸಾಗಿಸತೊಡಗಿತು. ಮರುವರ್ಷ ಮೇ 5ರಂದು ಇಸ್ರೊ ಹಾರಿಸಿದ, ಬೆಂಗಳೂರಿನಲ್ಲಿ ತಯಾರಾದ ಹ್ಯಾಮ್‌ಸ್ಯಾಟ್ 2014ರವರೆಗೆ ದುಡಿಯಿತು. ಉಪಗ್ರಹದ ಮೂಲಕ ಮಾತಾಡಿದ್ದೆಂದು ಬರೆದ ಕಾರ್ಡುಗಳಿಗೆ ಅದೂ ಕಾರಣವಾಯಿತು.

ಅಷ್ಟರಲ್ಲಿ ಪುರಾವೆಯ ಕೆಲಸ ಕಂಪ್ಯೂಟರಿಗೆ ಹೋಗಿತ್ತು. 2003ರಲ್ಲಿ ಬಂದ ‘ಲಾಗ್‌ಬುಕ್ ಆಫ್ ದ ವರ್ಲ್ಡ್’ ಎರಡೂ ಕಡೆಯ ದಾಖಲೆಯನ್ನು ತಾನೇ ತಾಳೆ ನೋಡುತ್ತದೆ. 2017ರ ಎಫ್‌ಟಿ8 ವಿಧಾನದಲ್ಲಂತೂ ಮಾತೇ ಇಲ್ಲ. ಕಂಪ್ಯೂಟರುಗಳೇ ಹದಿನೈದು ಸೆಕೆಂಡಿಗೊಮ್ಮೆ ಸರದಿಯಂತೆ ಕರೆಸಂಕೇತ ಬದಲಾಯಿಸಿಕೊಳ್ಳುತ್ತವೆ. ಅದಕ್ಕೂ ಬಣ್ಣದ ಕಾರ್ಡು ಅಚ್ಚು ಹಾಕಿಸುವವರನ್ನು ಕಂಡರೆ ನನಗೆ ತುಸು ನಗು. ಈಗ ಅಪರೂಪದ ದ್ವೀಪಗಳಿಗೆ ಹೋದ ತಂಡಗಳು ಎಷ್ಟೋ ಸಲ ಲಾಗನ್ನು ಅಲ್ಲಿಂದಲೇ ಏರಿಸಿಬಿಡುತ್ತವೆ. ಕಾರ್ಡೇ ಬೇಕೆನ್ನುವವರು ಆನ್‌ಲೈನಿನಲ್ಲಿ ಹಣ ಕಟ್ಟಿ ತರಿಸಿಕೊಳ್ಳುತ್ತಾರೆ.