ಕಣದಾಗಿನ ಪಗಾರ: ಆಯದಿಂದ ಗೌರವಧನದವರೆಗೆ

ನಿಮ್ಮೂರಿನ ಮತದಾರರ ಪಟ್ಟಿ ಒಮ್ಮೆ ತೆಗೆದು ನೋಡ್ರಿ. ಯಡ್ರಾಮಿ ಇರಲಿ, ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಯಾವುದೇ ಹಳ್ಳಿ ಇರಲಿ, ಅಡ್ಡಹೆಸರುಗಳು ಹೀಗೇ ಸಿಗುತ್ತವೆ: ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ, ಬಡಿಗೇರ, ಕಂಬಾರ, ಕುಂಬಾರ, ಹಡಪದ, ಮಡಿವಾಳ. ಇವು ಮನೆತನದ ಹೆಸರಾಗುವ ಮೊದಲು ಹುದ್ದೆ, ಕಸುಬುಗಳ ಹೆಸರಾಗಿದ್ದವು. ಒಂದು ಕಾಲದ ಊರ ಸಿಬ್ಬಂದಿಯ ಪಟ್ಟಿ ಇದು. ಸಿಬ್ಬಂದಿ ಇದ್ದರು ಅಂದಮೇಲೆ ಪಗಾರವೂ ಇತ್ತು. ಅದನ್ನು ಯಾರು ಕೊಡುತ್ತಿದ್ದರು, ಯಾವ ಲೆಕ್ಕದಲ್ಲಿ?

ಕಸುಬಿನವರಿಗೆ ಸಿಗುತ್ತಿದ್ದುದು ಆಯ. ಮರಾಠಿ ಗಡಿಯ ಊರುಗಳಲ್ಲಿ ಇದಕ್ಕೆ ಬಲುತ ಅನ್ನುತ್ತಾರೆ. ಬಡಿಗೇರ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡುತ್ತಿದ್ದ. ಕಂಬಾರ ಕುಳ ತಟ್ಟಿಕೊಡುತ್ತಿದ್ದ. ಆಗ ರೊಕ್ಕ ಕೇಳುವಂತಿರಲಿಲ್ಲ. ಸುಗ್ಗಿ ಬಂದು ರಾಶಿ ಆದಾಗ ಕಣಕ್ಕೆ ಹೋಗಿ ತನ್ನ ಪಾಲಿನ ಜ್ವಾಳ ತರುತ್ತಿದ್ದ. ಒಂದೊಂದು ಕೆಲಸಕ್ಕೆ ಒಂದೊಂದು ರೇಟು ಇರಲಿಲ್ಲ. ಎಷ್ಟು ನೇಗಿಲಿನ ಮನೆ, ಎಷ್ಟು ಬೆಳೆ ಅನ್ನುವುದರ ಮೇಲೆ ವರ್ಷಕ್ಕೆ ಇಂತಿಷ್ಟು. ಹೊಸ ಬಂಡಿ ಮಾಡಿಸಿದರೆ ಅದರ ಮಾತು ಬೇರೆ.

ಈ ಲೆಕ್ಕದಲ್ಲಿ ಬುದ್ಧಿವಂತಿಕೆ ಇತ್ತು ಅಂತ ಒಪ್ಪಲೇಬೇಕು. ಕಾಳಿನ ಬೆಲೆ ಏರಿದರೂ ಬಡಿಗೇರನ ಮನೆಯ ರೊಟ್ಟಿ ಸಣ್ಣದಾಗುತ್ತಿರಲಿಲ್ಲ, ಯಾಕಂದರೆ ಪಗಾರವೇ ಕಾಳು. ಮಳಿಗಾಲದಲ್ಲಿ ಕೂರಿಗೆ ಮುರಿದರೆ ರೈತ ಕೈಯಲ್ಲಿ ರೊಕ್ಕ ಇಲ್ಲ ಅಂತ ಬಿತ್ತಿಗೆ ನಿಲ್ಲಿಸಬೇಕಿರಲಿಲ್ಲ. ಆದರೆ ಬರ ಬಿದ್ದರೆ ಕಣ ಖಾಲಿ, ಆಯವೂ ಖಾಲಿ. 1876ರಿಂದ 78ರ ದೊಡ್ಡ ಬರದಂಥ ಕಾಲದಲ್ಲಿ ದುಡಿಮೆ ಮೊದಲೇ ಕೊಟ್ಟವನಿಗೆ ಪಡೆಯಲು ಏನೂ ಉಳಿಯುತ್ತಿರಲಿಲ್ಲ.

ಎಲ್ಲರ ಪಾಲೂ ಒಂದೇ ಇರಲಿಲ್ಲ. ಮರಾಠಿ ಸೀಮೆಯ ಹಲವು ಊರುಗಳಲ್ಲಿ ದೊಡ್ಡದು, ನಡುವಿನದು, ಸಣ್ಣದು ಅಂತ ಮೂರು ಸಾಲು ಮಾಡಿದ್ದರು. ಒಕ್ಕಲುತನಕ್ಕೆ ತೀರಾ ಬೇಕಾದ ಬಡಿಗ, ಕಂಬಾರರು ದೊಡ್ಡ ಸಾಲಿನಲ್ಲಿದ್ದರು. ಊರ ಕಾವಲು, ಓಡಾಟ ಮಾಡುವ ಮಹಾರರನ್ನೂ ಎಷ್ಟೋ ಕಡೆ ಅದೇ ಸಾಲಿಗೆ ಹಾಕಿದ್ದರು. ಲೆಕ್ಕದಲ್ಲಿ ಮೊದಲ ಸಾಲು, ಊರಲ್ಲಿ ಮಾತ್ರ ಅಗಸಿಯ ಹೊರಗೆ. ಪಾಲು ಹಂಚುವಾಗ ಕೆಲಸದ ಬೆಲೆ ಗೊತ್ತಿದ್ದ ಊರಿಗೆ ಮನುಷ್ಯನ ಬೆಲೆ ಗೊತ್ತಿರಲಿಲ್ಲ.

ಎರಡನೆಯ ಬಗೆಯ ಪಗಾರ ಇನಾಮು ಹೊಲ. ತಳವಾರ, ವಾಲೀಕಾರರಿಗೆ ಚಾಕರಿಗೆಂದು ಬಿಟ್ಟ ಭೂಮಿ. ಚಾಕರಿ ಮಾಡುವ ತನಕ ಉಣ್ಣಬಹುದು, ಅಪ್ಪನ ಚಾಕರಿ ಮಗನಿಗೆ. ಮೂರನೆಯದು ಮೇಲಿನವರದ್ದು: ಪಾಟೀಲ, ಕುಲಕರ್ಣಿಗಳಿಗೆ ವಸೂಲಾದ ಕಂದಾಯದ ಮೇಲೆ ಪಾಲು. ಇವತ್ತಿನ ಭಾಷೆಯಲ್ಲಿ ಕಮಿಷನ್.

ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1853ರಿಂದ 1883ರವರೆಗೆ ದಿವಾನನಾಗಿದ್ದ ಸಾಲಾರ್ ಜಂಗ್, ಕಂದಾಯ ವಸೂಲಿಯನ್ನು ಗುತ್ತಿಗೆ ಕೊಡುವ ಪದ್ಧತಿಗೆ ಕಡಿವಾಣ ಹಾಕಿದ. 1865ರಲ್ಲಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ ಪಗಾರದ ಅಧಿಕಾರಿಗಳನ್ನು ನೇಮಿಸಿದ. ವಸೂಲಿ ಕೆಲಸ ಕಳೆದುಕೊಂಡ ದೇಶಮುಖ, ದೇಶಪಾಂಡೆಗಳಿಗೆ ರುಸುಂ ಅಂತ ರೊಕ್ಕ ಕಟ್ಟಿಕೊಟ್ಟ. ಕೆಲಸ ಹೋದರೂ ಆದಾಯ ಉಳಿಯಿತು. ಮೇಲಿನವರ ಪಗಾರ ಹೀಗೆ ಕಾಗದಕ್ಕೆ ಬಂತು. ಕೆಳಗಿನ ವಾಲೀಕಾರನದು ಕಣದಲ್ಲೇ ಉಳಿಯಿತು.

ಯಡ್ರಾಮಿಯಿಂದ ಪಡುವಣಕ್ಕೆ ಹೋದರೆ ಸಿಂದಗಿ. ಅದು ಆಗ ಬ್ರಿಟಿಷರ ಮುಂಬೈ ಪ್ರಾಂತ್ಯ. ಅಲ್ಲಿ ಕೆಳಗಿನ ನೌಕರರ ಪಗಾರದ ಪ್ರಶ್ನೆ ಶಾಸನಸಭೆಯವರೆಗೆ ಹೋಯಿತು. 1928ರ ಮಾರ್ಚ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ 1874ರ ವತನ ಕಾಯ್ದೆಗೆ ತಿದ್ದುಪಡಿ ತರಲು ಮಸೂದೆ ಮಂಡಿಸಿದರು. ಅವರ ವಾದ ಇಂದಿಗೂ ಓದುವಂಥದ್ದು. ಮಹಾರ ದುಡಿಯುವುದು ಸರ್ಕಾರಕ್ಕೆ, ಪಗಾರ ಕೇಳಬೇಕಾದದ್ದು ರೈತನನ್ನು. ರೈತ ಮುನಿಸಿಕೊಂಡರೆ ಕಾಳಿಲ್ಲ. ದಿನಕ್ಕೆ ಎಷ್ಟು ತಾಸು ಕೆಲಸ ಅಂತ ಎಲ್ಲೂ ಬರೆದಿಲ್ಲ, ಹಗಲು ರಾತ್ರಿ ಕರೆದಾಗ ಓಡಬೇಕು. ಅವನು ಊರಲ್ಲಿಲ್ಲದಿದ್ದರೆ ಮನೆಯವರು ಬರಬೇಕು. ಆದ್ದರಿಂದ ಕಾಳಿನ ಬದಲು ರೊಕ್ಕ ನಿಗದಿ ಮಾಡಿ ಸರ್ಕಾರವೇ ವಸೂಲು ಮಾಡಿ ಕೊಡಲಿ, ಕೆಲಸಗಳನ್ನು ನಿಯಮದಲ್ಲಿ ಬರೆಯಲಿ, ಬೇಡ ಅನ್ನುವವರಿಗೆ ಚಾಕರಿಯಿಂದ ಬಿಡುಗಡೆ ಕೊಟ್ಟು ಪೂರ್ತಿ ಕಂದಾಯಕ್ಕೆ ಹೊಲ ಬಿಡಲಿ ಅಂದರು. ಮಸೂದೆ ಕಾಯ್ದೆಯಾಗಲಿಲ್ಲ.

1956ರ ನವೆಂಬರ್ 1ಕ್ಕೆ ನಾವು, ಸಿಂದಗಿಯವರು ಒಂದೇ ರಾಜ್ಯಕ್ಕೆ ಬಂದೆವು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಾಟೀಲಕಿ, ಕುಲಕರ್ಣಿಕಿ, ತಳವಾರಿಕಿ ಎಲ್ಲ ಮುಗಿದವು. ಇನಾಮು ಹೊಲ ಸರ್ಕಾರಕ್ಕೆ ಸೇರಿ, ಹಣ ಕಟ್ಟಿದ ಮೇಲೆ ಹಿಂದಿನ ಹುದ್ದೆಯವರಿಗೆ ಮರುಮಂಜೂರಾಗಬೇಕಿತ್ತು. ಕುಲಕರ್ಣಿಯ ಜಾಗಕ್ಕೆ ಪಗಾರದ ಗ್ರಾಮ ಲೆಕ್ಕಿಗ ಬಂದ. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಅನ್ನುತ್ತೇವೆ.

ಇಲ್ಲೊಂದು ಸೂಕ್ಷ್ಮ ನೋಡ್ರಿ. ಕುಲಕರ್ಣಿಯ ಕುರ್ಚಿಗೆ ಬಂದದ್ದು ಸಂಬಳ, ತುಟ್ಟಿಭತ್ಯೆ. ಹಳೆಯ ವಾಲೀಕಾರ ಮಾಡುತ್ತಿದ್ದಂಥ ಕೆಲಸ ಇವತ್ತು ಮಾಡುವ ಗ್ರಾಮ ಸಹಾಯಕರಿಗೆ ಸಿಗುವುದು ಗೌರವಧನ. ಅಂಗನವಾಡಿಯಲ್ಲೂ ಅದೇ ಪದ. ಈ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗಿನಿಂದ ಅಲ್ಲಿನ ಕಾರ್ಯಕರ್ತೆ, ಸಹಾಯಕಿಯರು ಗೌರವಧನದ ಮೇಲೆಯೇ ಇದ್ದಾರೆ. ಗೌರವ ಅನ್ನುವ ಮಾತು ಕೇಳಲು ಚಂದ. ಆದರೆ ಕಾಗದದಲ್ಲಿ ಅದರ ಅರ್ಥ, ನೀವು ನೌಕರರಲ್ಲ ಅಂತ.

2006ರಲ್ಲಿ ಕರ್ನಾಟಕ ಸರ್ಕಾರದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅವರಿಗೆ 1972ರ ಉಪದಾನ ಕಾಯ್ದೆ, ಅಂದರೆ ಗ್ರಾಚುಯಿಟಿ ಅನ್ವಯಿಸುತ್ತದೆ ಎಂದಿತು. ಗೌರವಧನವೂ ಆ ಕಾಯ್ದೆಯ ವೇತನದ ವ್ಯಾಖ್ಯೆಯೊಳಗೆ ಬರುತ್ತದೆ ಎಂದಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ ಲೆಕ್ಕ ಕಷ್ಟದ್ದಾಗಿರಲಿಲ್ಲ. ಕನಿಷ್ಠ ಐದು ವರ್ಷ ಸತತ ಸೇವೆ ಆಗಿರಬೇಕು. ತಿಂಗಳ ಕೊನೆಯ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮನೆಯಲ್ಲಿ ಅಂಗನವಾಡಿ ಅಕ್ಕ ಇದ್ದರೆ ಇವತ್ತೇ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸ್ರಿ.

ಹಳೆಯ ವಾಲೀಕಾರನಿಗೆ ಇಂಥ ಲೆಕ್ಕವೇ ಇರಲಿಲ್ಲ. ಮುಪ್ಪಾದ ಮೇಲೆ ಕೋಲು ಮಗನ ಕೈಗೆ ಹೋಗುತ್ತಿತ್ತು, ಮರುಸುಗ್ಗಿಗೆ ಮಗನೇ ಕಣಕ್ಕೆ ಬರುತ್ತಿದ್ದ.