ಹಿಂಡನ್ನು ಬಿಟ್ಟು ತಳಿಯನ್ನು ಹಿಡಿದ ವಿಜ್ಞಾನ

ಮಲಪ್ರಭೆ, ಘಟಪ್ರಭೆಗಳ ಸೀಮೆಯಲ್ಲಿ ಪ್ರಾಣಿಗಳ ವೈಜ್ಞಾನಿಕ ಅಧ್ಯಯನ ಶುರುವಾದದ್ದು ಬದುಕಿದ್ದ ಪ್ರಾಣಿಯಿಂದಲ್ಲ, ಎಲುಬಿನಿಂದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿ ಘಟಪ್ರಭೆಯ ಮೆಕ್ಕಲಿನಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಗಳನ್ನು 1874ರಲ್ಲಿ ವಿವರಿಸಿ, ಆ ಅಳಿದ ಜೀವಿಗೆ ದಖ್ಖನ್ನಿನ ಹೆಸರನ್ನೇ ಇಟ್ಟ. ಬಾದಾಮಿ, ಪಟ್ಟದಕಲ್ಲುಗಳನ್ನು ಬಳಸಿ ಹರಿಯುವ ಮಲಪ್ರಭೆಯ ಕೊಳ್ಳವನ್ನು ಕುರಿತು ಆರ್.ವಿ. ಜೋಶಿಯವರ ಪ್ರಾಗೈತಿಹಾಸಿಕ ಅಧ್ಯಯನ 1955ರಲ್ಲಿ ಬಂತು. ಮುಂದೆ ಧಾರವಾಡದ ಪಶುವೈದ್ಯ ಕೆ.ಆರ್. ಆಲೂರರು ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಎಲುಬುಗಳಲ್ಲಿ ಕುದುರೆಯದನ್ನು ಗುರುತಿಸಿ ದೊಡ್ಡ ಚರ್ಚೆಯನ್ನೇ ಹುಟ್ಟಿಸಿದರು. 1990ರ ದಶಕದಲ್ಲಿ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ನವಶಿಲಾಯುಗದ ಬೂದಿದಿಬ್ಬ, ದನದ ದೊಡ್ಡಿ, ಮನೆಗಳು ಒಂದೇ ನೆಲೆಯ ಭಾಗಗಳಾಗಿ ಕಂಡವು. ಈ ಪರಂಪರೆಯ ವಿದ್ವಾಂಸರು ಎಲುಬನ್ನು ಬಿಡಿಯಾಗಿ ನೋಡಲಿಲ್ಲ. ಅದು ಸಿಕ್ಕ ಮಣ್ಣು, ನದಿಯ ಹರಿವು, ಜೊತೆಗಿದ್ದ ಕಲ್ಲಾಯುಧ, ಸಗಣಿಯ ಬೂದಿ ಎಲ್ಲವನ್ನೂ ಸೇರಿಸಿ ಓದಿದರು. ಸತ್ತ ಪ್ರಾಣಿಯ ವಿಜ್ಞಾನ ಪಾಲಿಸಿದ ಈ ಶಿಸ್ತನ್ನು ಇದೇ ನೆಲದಲ್ಲಿ ಬದುಕಿರುವ ಪ್ರಾಣಿಗಳ ವಿಜ್ಞಾನ ಪಾಲಿಸಲಿಲ್ಲ. ಅದು ತಳಿಯನ್ನು ಹಿಡಿದು ಹಿಂಡನ್ನು ಕೈಬಿಟ್ಟಿತು ಎಂಬುದು ನನ್ನ ವಾದ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ನಂದಿಯ ಇಣಿ ನೋಡಿ ತಳಿಯ ಹೆಸರು ಹೇಳಲು ಬರುವುದಿಲ್ಲ. ಶಿಲ್ಪಿ ಕಡೆದದ್ದು ದೇವರ ವಾಹನವನ್ನು. ಆದರೂ ತಳಿಶಾಸ್ತ್ರದ ಮೊದಲ ಘಟ್ಟ ಬಹುಮಟ್ಟಿಗೆ ಇಂಥ ನೋಟದ್ದೇ ಆಗಿತ್ತು. ಕೊಂಬಿನ ಬಾಗು, ಹಣೆಯ ಉಬ್ಬು, ಮೈಬಣ್ಣ, ಗಂಗೆದೊಗಲಿನ ಇಳಿತಗಳನ್ನು ಬರೆದುಕೊಂಡು ದನಗಳನ್ನು ಗುಂಪು ಮಾಡುವ ಕೆಲಸ 1938ರ ಆರ್ಥರ್ ಆಲ್ವರ್ ಸಮೀಕ್ಷೆಯಲ್ಲೂ ಎನ್.ಆರ್. ಜೋಶಿ ಮತ್ತು ಫಿಲಿಪ್ಸ್ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ನಡೆಯಿತು. ಈ ಸೀಮೆಯ ಕೃಷ್ಣಾ ಕಣಿವೆ ತಳಿ ಇಂಥ ವರ್ಗೀಕರಣದ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ಸ್ಥಳೀಯ ಆಕಳುಗಳಿಗೆ ಬಿಟ್ಟು ಇದನ್ನು ರೂಪಿಸಿದರು. ಮಳೆಗೆ ಅಂಟಾಗುವ ಎರೆಹೊಲದಲ್ಲಿ ಭಾರಿ ನೇಗಿಲು ಎಳೆಯುವ ಎತ್ತು ಅವರಿಗೆ ಬೇಕಿತ್ತು. ಅಂದರೆ ತಳಿ ಹುಟ್ಟಿದ್ದು ಮಣ್ಣಿನ ಅಗತ್ಯದಿಂದ. ಟ್ರ್ಯಾಕ್ಟರ್ ಬಂದು ಆ ಕೆಲಸ ಹೋದಾಗ ತಳಿಯೂ ಕ್ಷೀಣಿಸಿತು. ಲಕ್ಷಣಗಳ ಪಟ್ಟಿ ಎಷ್ಟು ನಿಖರವಾಗಿದ್ದರೂ ಅದನ್ನು ತಡೆಯಲಾರದಾಯಿತು.

ಎರಡನೆಯ ಘಟ್ಟದಲ್ಲಿ ಇಳುವರಿ ಮುಂದೆ ಬಂತು. ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಕುರಿಯ ಕಥೆ ಅಷ್ಟು ಗೊತ್ತಿಲ್ಲ. ದಖ್ಖನಿ ಕುರಿಯ ಒರಟು ಕರಿಯುಣ್ಣೆಯನ್ನು ನವಿರು ಮಾಡಲು ಮೆರಿನೊ, ರ‍್ಯಾಂಬೊಲೆ ಟಗರುಗಳನ್ನು ತಂದು ಸಂಕರ ಮಾಡಿದರು. ಆ ನವಿರು ಉಣ್ಣೆ ಕಂಬಳಿಗೆ ಬೇಕಿರಲಿಲ್ಲ, ಸಂಕರ ಮರಿಗೆ ದಿನವಿಡೀ ಬಿಸಿಲಲ್ಲಿ ನಡೆಯುವ ಕಸುವೂ ಇರಲಿಲ್ಲ. ಇತ್ತ ಕಂಬಳಿಗೆ ಗಿರಾಕಿ ಕಡಿಮೆಯಾಗುತ್ತಿದ್ದಂತೆ ಕುರಿಗಾರರೇ ಸಂಶೋಧಕರನ್ನು ಕಾಯದೆ ಉಣ್ಣೆ ಕಡಿಮೆಯಿರುವ, ಮಾಂಸ ಹೆಚ್ಚು ಕೂಡುವ ಎಳಗದಂಥ ಕುರಿಗಳ ಕಡೆ ಹೊರಳಿದರು. ಹುನಗುಂದ ಸೀಮೆಯ ಅಮೀನಗಡದ ಕುರಿ ಸಂತೆಯಲ್ಲಿ ಆ ಆಯ್ಕೆಯ ಫಲ ಇಂದಿಗೂ ಕಾಣುತ್ತದೆ. ಇದಕ್ಕೆ ಹೋಲಿಸಿದರೆ ಫಲಟಣದ ನಿಂಬಕರ ಸಂಸ್ಥೆಯ ನಾರಿ ಸುವರ್ಣ ಕುರಿ ನನ್ನ ಮಟ್ಟಿಗೆ ಈ ಕ್ಷೇತ್ರದ ಉತ್ತಮ ಸಾಧನೆ. ಬಂಗಾಳದ ಗರೋಲ್ ಕುರಿಯ ಅವಳಿ ಮರಿಯ ಜೀನನ್ನು ದಖ್ಖನಿ ಕುರಿಗೆ ತಂದದ್ದಷ್ಟೇ ಅದರ ಹೆಚ್ಚುಗಾರಿಕೆಯಲ್ಲ. ಎರಡು ಮರಿಗೆ ತಾಯಿಯ ಹಾಲು ಸಾಲುತ್ತದೆಯೇ, ಕುರಿಗಾರನ ಹಿಂಡಿನಲ್ಲಿ ಮರಿ ಉಳಿಯುತ್ತದೆಯೇ ಎಂದು ಅಲ್ಲಿ ವರ್ಷಾನುಗಟ್ಟಲೆ ಅಳೆದು ನೋಡಿದರು.

ಮೂರನೆಯ ಘಟ್ಟ ಜೀನುಗಳದು, ನೋಂದಣಿಯದು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ 1984ರಲ್ಲಿ ಸ್ಥಾಪನೆಯಾಯಿತು. ನಮ್ಮ ಮುಧೋಳ ನಾಯಿ ಅದರ ಪಟ್ಟಿ ಸೇರಿದ ಮೊದಲ ಕೆಲವೇ ನಾಯಿ ತಳಿಗಳಲ್ಲಿ ಒಂದು. ಘೋರ್ಪಡೆ ಅರಸು ಮಾಲೋಜಿರಾಯರ ಆಸಕ್ತಿಯಿಂದ ಹೆಸರಾದ ಈ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು. ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸೇನೆಯೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟು ನೋಡಿದೆ. ಇದೆಲ್ಲ ಹೆಮ್ಮೆಯ ಮಾತೇ. ಆದರೆ ಈ ನಾಯಿ ಬಯಲಲ್ಲಿ ಮೊಲ, ಹುಲ್ಲೆಗಳನ್ನು ಬೆನ್ನಟ್ಟಲು ಬೆಳೆದದ್ದು. 1972ರ ವನ್ಯಜೀವಿ ಕಾಯ್ದೆ ಆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಿದ್ದು ಸರಿ. ತನ್ನ ಹಳೆಯ ಕೆಲಸ ಕಳೆದುಕೊಂಡ ತಳಿಯನ್ನು ಬರೀ ಮೈಕಟ್ಟು ನೋಡಿ ಆಯುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೃಷ್ಣಾ ಕಣಿವೆಯ ಎತ್ತು ಎದುರಿಗೇ ಇದೆ.

ವನ್ಯಜೀವಿ ಸಂಶೋಧನೆ ಈ ಬಯಲಿಗೆ ತಡವಾಗಿ ಬಂತು, ಏಕೆಂದರೆ ಕಾಡು ಎಂದರೆ ಮರಗಳೆಂದೇ ಬಹುಕಾಲ ತಿಳಿದಿದ್ದೆವು. ಹುಲ್ಲುಗಾವಲು ಸರ್ಕಾರಿ ನಕಾಶೆಗಳಲ್ಲಿ ಪಾಳುಭೂಮಿಯಾಯಿತು. ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿಯಲ್ಲಿ ಸುಮಾರು 96 ಚದರ ಕಿಲೋಮೀಟರ್ ವಿಸ್ತಾರದ ಚಿಂಕಾರ ಹುಲ್ಲೆಯ ಧಾಮ ಘೋಷಣೆಯಾದದ್ದು ಕಳೆದ ದಶಕದಲ್ಲಷ್ಟೇ. ಭಾರತದ ಬಯಲುಸೀಮೆಯ ತೋಳ ಜಗತ್ತಿನ ತೋಳಗಳಲ್ಲೇ ಅತಿ ಪ್ರಾಚೀನ ಕವಲುಗಳಲ್ಲಿ ಒಂದು ಎಂದು 2021ರ ಜೀನೋಮ್ ಅಧ್ಯಯನ ತೋರಿಸಿತು. ಎರಡು ವರ್ಷಗಳ ನಂತರ ಪುಣೆಯ ಬಳಿಯ ಪ್ರಾಣಿಯೊಂದು ತೋಳ ಮತ್ತು ನಾಯಿಯ ಮಿಶ್ರಸಂತತಿ ಎಂಬುದು ಜೀನೋಮಿನಿಂದಲೇ ಖಚಿತವಾಯಿತು. ನಾಯಿಯನ್ನು ಒಂದು ಇಲಾಖೆ, ತೋಳವನ್ನು ಇನ್ನೊಂದು ಇಲಾಖೆ ಅಭ್ಯಸಿಸಿದರೆ ಇಂಥ ಸಂಗತಿ ಇಬ್ಬರ ಕೈಯಿಂದಲೂ ಜಾರುತ್ತದೆ. ರೋಗದ ಮಾತೂ ಹಾಗೆಯೇ. ಕುರಿಗಾರರು ಹಿರೇಬ್ಯಾನಿ ಎನ್ನುವ, ಕುರಿ ಮೇಕೆಗಳ ಪಿಪಿಆರ್ ರೋಗ 1987ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಯಿತು. ಮಂಗೋಲಿಯಾದಲ್ಲಿ ಅದೇ ರೋಗ 2016-17ರಲ್ಲಿ ಸೈಗಾ ಹುಲ್ಲೆಗಳನ್ನು ಸಾವಿರಗಟ್ಟಲೆ ಕೊಂದಿತು. ಚಿಂಕಾರಕ್ಕೂ ಅದು ತಗುಲಬಲ್ಲದು. ಹೀಗಿರುವಾಗ ಯಡಹಳ್ಳಿಯ ಸುತ್ತಲ ಕುರಿಗೆ ಹಾಕುವ ಲಸಿಕೆ ವನ್ಯಜೀವಿ ರಕ್ಷಣೆಯೂ ಹೌದು.

ಒಂದೊಂದನ್ನೇ ಬೇರೆ ಮಾಡಿ ನೋಡಿದ್ದರಿಂದಲೇ ವಿಜ್ಞಾನ ಗೆದ್ದಿದೆಯಲ್ಲ ಎಂದು ಕೇಳಬಹುದು. ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾದದ್ದು ಒಂದೇ ವೈರಾಣುವಿನ ಬೆನ್ನು ಹತ್ತಿದ್ದರಿಂದ ಎಂಬುದು ನಿಜ. ಆದರೆ ಲಸಿಕೆ ಪ್ರಯೋಗಶಾಲೆಯಲ್ಲಿ ಸಿದ್ಧವಾದರೂ ಅದು ಕೊನೆಯ ಹಿಂಡು ತಲುಪಿದ್ದು ದನಗಾಹಿಗಳ ತಿರುಗಾಟದ ದಾರಿ ತಿಳಿದ ಮೇಲೆ. ಆಫ್ರಿಕಾದಲ್ಲಿ ಪಶುಪಾಲಕರನ್ನೇ ಲಸಿಕೆ ಹಾಕುವವರನ್ನಾಗಿ ತಯಾರು ಮಾಡಬೇಕಾಯಿತು. ಕುರಿ ಮೇಯಿಸಿದರೆ ಹುಲ್ಲೆಗೆ ಮೇವೆಲ್ಲಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅತಿಯಾಗಿ ಮೇಯಿಸಿದ ಗಾಯರಾಣ ಹಾಳಾಗುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂಚಾರಿ ಹಿಂಡು ಒಂದೆಡೆ ನಿಲ್ಲುವುದಿಲ್ಲ, ರೈತರ ಹೊಲದಲ್ಲಿ ತಂಗಿ ಗೊಬ್ಬರ ಬಿಟ್ಟು ಮುಂದೆ ಹೋಗುತ್ತದೆ. ಸಂಶೋಧಕರು ಪಶ್ಚಿಮ ಮಹಾರಾಷ್ಟ್ರದಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೋಳಗಳು ಬದುಕುತ್ತಿರುವುದು ಬಹುಪಾಲು ಅಭಯಾರಣ್ಯಗಳ ಹೊರಗೆ, ಹೊಲ ಮತ್ತು ಹುಲ್ಲುಗಾವಲು ಬೆರೆತ ಇಂಥ ನೆಲದಲ್ಲೇ. ಕುರಿಗಾರನನ್ನು ಹೊರಗಟ್ಟಿ ಸಸಿ ನೆಟ್ಟರೆ ಚಿಂಕಾರಕ್ಕೂ ತೋಳಕ್ಕೂ ಬೇಕಾದ ಬಯಲೇ ಹೋಗುತ್ತದೆ. ಎಷ್ಟು ಕುರಿ, ಯಾವ ತಿಂಗಳು, ಎಷ್ಟು ದಿನ ಎಂಬುದಕ್ಕೆ ಉತ್ತರವನ್ನು ಅಳೆದೇ ಕಂಡುಕೊಳ್ಳಬೇಕು.

ಅಳೆಯಬೇಕಾದವರು ಹತ್ತಿರದಲ್ಲೇ ಇದ್ದಾರೆ. ತಿಮ್ಮಾಪುರದ ಕೇಂದ್ರ, ಯಡಹಳ್ಳಿಯನ್ನು ಕಾಯುವ ಅರಣ್ಯ ಇಲಾಖೆ, ತಾಲ್ಲೂಕು ಪಶು ಆಸ್ಪತ್ರೆಗಳು ಮತ್ತು ಬಾದಾಮಿ, ಹುನಗುಂದ ಕಡೆಯ ಕುರಿಗಾರರು ಸೇರಿ ಕುರಿ, ನಾಯಿ, ತೋಳ, ಚಿಂಕಾರ, ರೋಗ, ಹುಲ್ಲುಗಳನ್ನು ಒಂದೇ ದಾಖಲೆಯಲ್ಲಿ ಬರೆಯುವ ಹತ್ತು ವರ್ಷಗಳ ಅಧ್ಯಯನವೊಂದನ್ನು ಬಾಗಲಕೋಟೆ ಜಿಲ್ಲೆಯಲ್ಲಿ ಆರಂಭಿಸಬೇಕು. ಅದಕ್ಕೆ ಹಣ ಒದಗಿಸುವುದು ರಾಜ್ಯ ಸರ್ಕಾರದ ಕೆಲಸ.