ತುಕ್ಕು ಹಿಡಿದ ಕಾರಿಗೆ ಮರುಜನ್ಮ: ಅಭಿಮಾನಿಗಳ ತಕರಾರೇನು?

ಕಥೆ ಬಹಳ ಸರಳ. ಯಾವುದೋ ಮನೆಯ ಹಿತ್ತಲ ಶೆಡ್ಡಿನಲ್ಲಿ ಹಳೆಯ ಕಾರೊಂದು ವರ್ಷಗಟ್ಟಲೆ ಧೂಳು ತಿನ್ನುತ್ತ ನಿಂತಿದೆ. ಟೈರು ನೆಲಕಚ್ಚಿದೆ, ಬಾಗಿಲ ಅಡಿಯ ತಗಡು ತುಕ್ಕಿನಿಂದ ಉದುರುತ್ತಿದೆ. ಒಡೆಯನಿಗೆ ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ, ರಿಪೇರಿ ಮಾಡಿಸಲು ಹಣವಿಲ್ಲ. ಒಂದು ದಿನ ಮನೆಯವರೇ ಅವನಿಗೆ ಸುಳಿವು ಕೊಡದೆ ಆ ಕಾರನ್ನು ಗ್ಯಾರೇಜಿನವರಿಗೆ ಒಪ್ಪಿಸುತ್ತಾರೆ. ಸುಮಾರು ಒಂದು ವಾರ ಹಗಲು ರಾತ್ರಿ ಕೆಲಸ ನಡೆಯುತ್ತದೆ. ಕೊನೆಗೆ ಮಿರಿಮಿರಿ ಮಿಂಚುವ ಕಾರನ್ನು ಕಂಡು ಒಡೆಯ ಮಾತು ಹೊರಡದೆ ಅತ್ತುಬಿಡುತ್ತಾನೆ.

ಅಮೆರಿಕದ ಟಿಎಲ್‌ಸಿ ವಾಹಿನಿಯಲ್ಲಿ 2004ರಲ್ಲಿ ಆರಂಭವಾದ 'ಓವರ್‌ಹಾಲಿನ್' ಕಾರ್ಯಕ್ರಮದ ಹಂದರ ಇದು. ಕಾರು ವಿನ್ಯಾಸಕಾರ ಚಿಪ್ ಫೂಸ್ ಅದರ ನಾಯಕ. ಕಾರಿನ ಹೊಸ ರೂಪವನ್ನು ಆತ ಮೊದಲು ಕಾಗದದ ಮೇಲೆ ಬಿಡಿಸುತ್ತಾನೆ, ತಗಡು ಬಡಿಯುವವರು, ಬಣ್ಣ ಹೊಡೆಯುವವರು ಅದನ್ನು ನಿಜ ಮಾಡುತ್ತಾರೆ. ಇದೇ ಜಾಡಿನಲ್ಲಿ 2012ರಲ್ಲಿ 'ಫಾಸ್ಟ್ ಎನ್ ಲೌಡ್', 'ಗ್ರೇವ್‌ಯಾರ್ಡ್ ಕಾರ್ಜ್' ಮುಂತಾದವು ಬಂದವು. ನೋಡುಗರು ಲಕ್ಷಗಟ್ಟಲೆ ಇದ್ದರು. ಆದರೆ ಅವರೆಲ್ಲರೂ ಒಡೆಯನ ಜತೆ ಕಣ್ಣೊರೆಸಿಕೊಂಡು ಸುಮ್ಮನಾದವರಲ್ಲ. ಅವರಲ್ಲಿ ಒಂದು ದೊಡ್ಡ ಗುಂಪು ಕಾರ್ಯಕ್ರಮ ಮುಗಿಯುತ್ತಲೇ ತಕರಾರು ತೆಗೆಯುವುದು ವಾಡಿಕೆ. ಮೂಲದಲ್ಲಿ ನೀಲಿಯಿದ್ದ ಕಾರಿಗೆ ಕಿತ್ತಳೆ ಬಣ್ಣ ಏಕೆ? ಆ ಕಾಲದ ಸಣ್ಣ ಚಕ್ರ ತೆಗೆದು ಇಷ್ಟು ದೊಡ್ಡ ಚಕ್ರ ಹಾಕಿದ್ದೇಕೆ? ಕಾರ್ಖಾನೆಯಿಂದ ಬಂದ ಎಂಜಿನ್ ಎಲ್ಲಿ ಹೋಯಿತು?

ಹೊರಗಿನವರಿಗೆ ಇದು ಹುಚ್ಚಾಟವೆನಿಸಬಹುದು. ಆದರೆ ಈ ಜಗಳದ ಬೇರು ಆಳಕ್ಕಿಳಿದಿದೆ. ಅದನ್ನು ಅರಿಯಲು ಆ ಕಾರುಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬಡವರ ಮನೆಯ ಹುಡುಗನ ಕುದುರೆ

ಈ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕಾಣುವುದು 'ಮಸಲ್ ಕಾರ್' ಎಂಬ ಜಾತಿಯ ಕಾರು. ಮಸಲ್ ಎಂದರೆ ಸ್ನಾಯು. ಮಧ್ಯಮ ಗಾತ್ರದ, ಹೆಚ್ಚು ಬೆಲೆಯಿಲ್ಲದ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದರೆ ಆಗುವುದೇ ಮಸಲ್ ಕಾರು. 1964ರ ಪಾಂಟಿಯಾಕ್ ಜಿಟಿಓ ಇವುಗಳ ಪೈಕಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ ಹುಟ್ಟೇ ಒಂದು ಉಪಾಯದ ಕಥೆ. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇರಕೂಡದೆಂದು ಜನರಲ್ ಮೋಟಾರ್ಸ್ ಕಂಪನಿ ತನ್ನ ವಿಭಾಗಗಳಿಗೆ ಕಟ್ಟುಮಾಡಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 389 ಘನ ಅಂಗುಲದ ಎಂಜಿನ್ನನ್ನು ಹೊಸ ಕಾರೆಂದು ಕರೆಯದೆ, ಇದ್ದ ಕಾರಿಗೆ ಗಿರಾಕಿ ಬಯಸಿದರೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಾನೆಂದು ಪಟ್ಟಿಯಲ್ಲಿ ಸೇರಿಸಿದರು. ನಿಯಮವೂ ಮುರಿಯಲಿಲ್ಲ, ಕೆಲಸವೂ ಆಯಿತು. ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಕಾರು ಮಾರಾಟವಾದವು.

ಉಳಿದ ಕಂಪನಿಗಳು ಸುಮ್ಮನಿರಲಿಲ್ಲ. ಷೆವರ್ಲೆಯ ಷೆವೆಲ್, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಒಂದರ ಹಿಂದೆ ಒಂದು ಬಂದವು. 1968ರ ರೋಡ್ ರನ್ನರ್ ಆರಂಭದ ಬೆಲೆ 3 ಸಾವಿರ ಡಾಲರಿಗಿಂತ ಕಡಿಮೆಯಿತ್ತು. ಒಳಗೆ ಕಾರ್ಪೆಟ್ಟಿನಂಥ ಸುಖಸೌಲಭ್ಯ ಕಡಿಮೆ, ವೇಗಕ್ಕೆ ಮಾತ್ರ ಕೊರತೆಯಿಲ್ಲ. ಕ್ರೈಸ್ಲರ್ ಕಂಪನಿಯ 'ಹೆಮಿ' ಎಂಬ 426 ಘನ ಅಂಗುಲದ ಎಂಜಿನ್ 425 ಅಶ್ವಶಕ್ತಿಯದೆಂದು ಕಂಪನಿಯೇ ಪ್ರಕಟಿಸಿತ್ತು. ಹೊಸದಾಗಿ ಸಂಬಳ ಎಣಿಸತೊಡಗಿದ ಹುಡುಗ ಕಂತಿನ ಮೇಲೆ ಕೊಂಡು ಊರ ಹೊರಗಿನ ನೇರ ರಸ್ತೆಯಲ್ಲಿ ಓಡಿಸಬಹುದಾದ ಕಾರುಗಳಿವು. ಶ್ರೀಮಂತರ ಮನೆಯ ಅಲಂಕಾರವಾಗಿ ಅವು ಹುಟ್ಟಲಿಲ್ಲ.

ಈ ಸುಗ್ಗಿ ಹತ್ತು ವರ್ಷವೂ ಬಾಳಲಿಲ್ಲ. ಯುವಕರ ಕೈಯಲ್ಲಿನ ಇಂಥ ಕಾರುಗಳಿಗೆ ವಿಮಾ ಕಂಪನಿಗಳು ವಿಪರೀತ ಕಂತು ಹಾಕತೊಡಗಿದವು. 1970ರ ಶುದ್ಧ ಗಾಳಿ ಕಾಯ್ದೆ ಎಂಜಿನ್ನುಗಳ ಹೊಗೆಗೆ ಕಡಿವಾಣ ಹಾಕಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಪ್ಲಿಮತ್ ಬ್ಯಾರಕುಡಾ, ಡಾಡ್ಜ್ ಚಾಲೆಂಜರ್ ಎರಡರ ತಯಾರಿಕೆಯೂ 1974ರಲ್ಲಿ ನಿಂತಿತು. ಪೆಟ್ರೋಲ್ ಕುಡಿಯುವ ಆ ಹಳೆಯ ಕಾರುಗಳು ಮೂರನೆಯ, ನಾಲ್ಕನೆಯ ಕೈಗೆ ದಾಟಿ, ಅಲ್ಲಿಂದ ಗುಜರಿ ಸೇರಿದವು.

ಅವು ಗುಜರಿ ಸೇರುವುದರಲ್ಲಿ ಟಿ.ವಿ.ಯ ಪಾಲೂ ಇತ್ತೆಂಬುದು ವಿಚಿತ್ರ. 1979ರಿಂದ 1985ರವರೆಗೆ ಸಿಬಿಎಸ್ ವಾಹಿನಿಯಲ್ಲಿ ನಡೆದ 'ದ ಡ್ಯೂಕ್ಸ್ ಆಫ್ ಹಜಾರ್ಡ್' ಧಾರಾವಾಹಿಯಲ್ಲಿ ಕಿತ್ತಳೆ ಬಣ್ಣದ 1969ರ ಡಾಡ್ಜ್ ಚಾರ್ಜರ್ ಹಳ್ಳ ಕೊಳ್ಳಗಳ ಮೇಲೆ ಹಾರುತ್ತಿತ್ತು. ಹಾರಿದ ಕಾರು ಕೆಳಗೆ ಬಿದ್ದ ಮೇಲೆ ಮತ್ತೆ ಉಪಯೋಗಕ್ಕೆ ಬರುತ್ತಿದ್ದುದು ಅಪರೂಪ. ಧಾರಾವಾಹಿ ಮುಗಿಯುವ ಹೊತ್ತಿಗೆ ಸುಮಾರು 300 ಚಾರ್ಜರುಗಳು ಚಿತ್ರೀಕರಣಕ್ಕೆ ಬಲಿಯಾಗಿದ್ದವು. ಆಗ ಅವು ಅಗ್ಗದ ಹಳೆಯ ಕಾರುಗಳಷ್ಟೇ. ಅದನ್ನು ನೋಡುತ್ತ ಬೆಳೆದ ಮಕ್ಕಳೇ ಮುಂದೆ ದೊಡ್ಡವರಾಗಿ ಅಳಿದುಳಿದ ಚಾರ್ಜರುಗಳನ್ನು ಹುಡುಕುತ್ತ ಹೊರಟರು. ಟಿ.ವಿ. ಕಾರನ್ನೂ ಮುರಿಯಿತು, ಆಸೆಯನ್ನೂ ಬಿತ್ತಿತು.

ಒಂದು ಅಕ್ಷರದ ಬೆಲೆ

ಹೀಗೆ ಉಳಿದ ಕಾರುಗಳನ್ನು ಏನು ಮಾಡಬೇಕೆಂಬಲ್ಲಿ ಅಭಿಮಾನಿಗಳು ಎರಡು ಪಂಥವಾಗುತ್ತಾರೆ. ಒಡೆಯನ ಆಸೆಗೆ ತಕ್ಕಂತೆ ಕಾರನ್ನು ಹೊಸದಾಗಿ ಕಲ್ಪಿಸಿಕೊಳ್ಳುವುದು ತಪ್ಪಲ್ಲ ಎನ್ನುವುದು ಫೂಸ್ ಪ್ರತಿನಿಧಿಸುವ ಪಂಥ. ಇದಕ್ಕೂ ಪರಂಪರೆಯಿದೆ. ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೇ ಕ್ಯಾಲಿಫೋರ್ನಿಯದ ಯುವಕರು ಹಳೆಯ ಫೋರ್ಡ್ ಕಾರುಗಳ ಛಾವಣಿ ತಗ್ಗಿಸಿ, ಎಂಜಿನ್ ಬದಲಿಸಿ ತಮ್ಮದೇ ರೂಪ ಕೊಡುತ್ತಿದ್ದರು. ಕಾರೆಂಬುದು ಓಡಿಸುವವನ ಸ್ವತ್ತು, ಅವನ ಗುರುತು ಅದರ ಮೇಲೆ ಬಿದ್ದರೆ ತಪ್ಪೇನು ಎಂಬುದು ಅವರ ವಾದ.

ಎರಡನೆಯ ಪಂಥಕ್ಕೆ ಇದು ಸಮ್ಮತವಲ್ಲ. ಆರೆಗಾನ್ ರಾಜ್ಯದ ಗ್ಯಾರೇಜೊಂದರಲ್ಲಿ ಮಾರ್ಕ್ ವರ್ಮನ್ ನಡೆಸಿದ 'ಗ್ರೇವ್‌ಯಾರ್ಡ್ ಕಾರ್ಜ್' ಈ ಮತದ ಕಾರ್ಯಕ್ರಮ. 1970ರ ಆಸುಪಾಸಿನ ಕ್ರೈಸ್ಲರ್ ಕಾರುಗಳು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿದ್ದವೋ ಹಾಗೆಯೇ ಆಗಬೇಕೆಂಬುದು ಅಲ್ಲಿನ ಹಟ. ಇದಕ್ಕೆ ಆಧಾರವೂ ಉಂಟು. ಆ ಕಾಲದ ಕ್ರೈಸ್ಲರ್ ಕಾರಿನ ಡ್ಯಾಷ್‌ಬೋರ್ಡಿನ ಮೇಲೆ 13 ಅಕ್ಷರ ಅಂಕಿಗಳ ಗುರುತುಪಟ್ಟಿ ಇರುತ್ತದೆ. ಬಲ್ಲವರಿಗೆ ಅದು ಜಾತಕವಿದ್ದಂತೆ. ಐದನೆಯ ಸ್ಥಾನದಲ್ಲಿ 'ಆರ್' ಅಕ್ಷರವಿದ್ದರೆ ಹೆಮಿ ಎಂಜಿನ್ ಹೊತ್ತು ಹುಟ್ಟಿದ ಕಾರು. ಏಳನೆಯ ಸ್ಥಾನದಲ್ಲಿ 'ಬಿ' ಇದ್ದರೆ ಮಿಷಿಗನ್ ರಾಜ್ಯದ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ತಯಾರಾದದ್ದು. ಬಾನೆಟ್ ಕೆಳಗಿನ ಸಣ್ಣ ತಗಡಿನ ಮೇಲೆ ಬಣ್ಣ, ಸೀಟು, ಆಕ್ಸಲುಗಳ ಸಂಕೇತಗಳಿರುತ್ತವೆ. ಎಂಜಿನ್, ಗೇರ್ ಬಾಕ್ಸುಗಳ ಮೇಲೂ ಅದೇ ಕಾರಿನ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಎಲ್ಲವೂ ಒಂದಕ್ಕೊಂದು ತಾಳೆಯಾದರೆ ಕಾರಿನ ಬೆಲೆ ಮುಗಿಲಿಗೇರುತ್ತದೆ. ಛಾವಣಿ ಮಡಚುವ ಮಾದರಿಯ 1971ರ ಹೆಮಿ ಕುಡಾ ಕಾರುಗಳು ತಯಾರಾದದ್ದು ಕೇವಲ 11 ಎಂದು ಹೇಳುತ್ತಾರೆ. ಅವುಗಳಲ್ಲಿ ಒಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಬೆಲೆಯಿದ್ದಲ್ಲಿ ಮೋಸ ಬಾರದಿರುವುದೆ? ಸಾಧಾರಣ ಕಾರಿಗೆ ಹೆಮಿ ಎಂಜಿನ್ ಕೂರಿಸಿ ಅಸಲಿಯೆಂದು ಮಾರುವವರುಂಟು. ತುಕ್ಕು ತಿಂದ ಅಸಲಿ ಕಾರಿನ ಗುರುತುಪಟ್ಟಿಯನ್ನು ಕಿತ್ತು ಬೇರೆ ಕಾರಿಗೆ ಅಂಟಿಸುವವರೂ ಉಂಟು. ಹಳೆಯ ಮಸ್ಟಾಂಗ್, ಕಮಾರೋ ಕಾರುಗಳ ಇಡೀ ಉಕ್ಕಿನ ಒಡಲನ್ನೇ ಹೊಸದಾಗಿ ಅಚ್ಚು ಹಾಕಿ ಮಾರಲಾಗುತ್ತಿದೆ. ಒಡಲು ಹೊಸದು, ಎಂಜಿನ್ ಬೇರೆಯದು, ಪಟ್ಟಿ ಮಾತ್ರ ಹಳೆಯದು ಎಂದಾದರೆ ಉಳಿದದ್ದು ಯಾವ ಕಾರು? ಹಿಡಿ ಬದಲಾಯಿಸಿ, ಅಲಗೂ ಬದಲಾಯಿಸಿ, ಇದು ಅಜ್ಜನ ಕಾಲದ ಕೊಡಲಿ ಎಂದಂತೆ. ಟಿ.ವಿ. ಮುಂದೆ ಕೂತು ಅಭಿಮಾನಿಗಳು ಸಣ್ಣ ಸ್ಕ್ರೂ ಬಗ್ಗೆ ವಾದಿಸುವಾಗ ನಿಜಕ್ಕೂ ವಾದಿಸುತ್ತಿರುವುದು ಈ ಹಳೆಯ ಪ್ರಶ್ನೆಯನ್ನು.

ಈ ಎರಡು ಪಂಥಗಳನ್ನೂ ಬೆಪ್ಪು ಮಾಡಿದ ಕಾರೊಂದಿದೆ. 1968ರ 'ಬುಲಿಟ್' ಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್. 1974ರಲ್ಲಿ ಅದನ್ನು 6 ಸಾವಿರ ಡಾಲರಿಗೆ ಕೊಂಡ ಕುಟುಂಬ ದಿನನಿತ್ಯದ ಓಡಾಟಕ್ಕೆ ಬಳಸಿತು. 1977ರಲ್ಲಿ ಮೆಕ್ವೀನ್ ತಾನೇ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. ಕ್ಲಚ್ ಕೆಟ್ಟ ಮೇಲೆ ದಶಕಗಳ ಕಾಲ ನಿಂತಲ್ಲೇ ನಿಂತಿತ್ತು. ಓಡುವಷ್ಟು ರಿಪೇರಿ ಬಿಟ್ಟರೆ ಅದಕ್ಕೆ ಹೊಸ ಬಣ್ಣ ಬೀಳಲಿಲ್ಲ, ಹೊಳಪು ಬರಲಿಲ್ಲ. ಬಿರುಕು, ತುಕ್ಕು, ಕ್ಯಾಮೆರಾ ಕಟ್ಟಲು ಬೆಸುಗೆ ಹಾಕಿದ ಕೊಳವೆ ಎಲ್ಲ ಹಾಗೇ ಇದ್ದವು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದಕ್ಕೆ ಶುಲ್ಕ ಸೇರಿ 37 ಲಕ್ಷ ಡಾಲರಿಗೂ ಹೆಚ್ಚು ಬಂತು. ಹೊಸದಾಗಿಸಿದ್ದರೆ ಆ ಕಾರಿನ ಕಥೆಯ ಅರ್ಧ ಅಳಿಸಿಹೋಗುತ್ತಿತ್ತು.

ತಪ್ಪನ್ನೂ ಕಾಪಾಡುವವರು

ಮೂಲರೂಪದ ಪಂಥದವರ ಹಟ ಒಂದು ಹಂತ ದಾಟಿ ವಿಚಿತ್ರ ತಿರುವು ಪಡೆಯುತ್ತದೆ. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವವನ ಸ್ಪ್ರೇ ಗನ್ನಿನಿಂದ ಕಾರಿನ ಅಡಿಭಾಗಕ್ಕೆ ಅಡ್ಡಾದಿಡ್ಡಿ ಹಾರಿದ ಬಣ್ಣ, ಸಂದಿಗೆ ಬಳಿದ ಅಂಟು ಹೆಚ್ಚಾಗಿ ಇಳಿದ ಬೊಟ್ಟು, ತಪಾಸಣೆ ಮಾಡಿದವನು ಸೀಮೆಸುಣ್ಣದಿಂದ ಗೀಚಿದ ಗುರುತು ಇವನ್ನೆಲ್ಲ ಅವರು ಅಳೆದು, ಚಿತ್ರ ತೆಗೆದಿಟ್ಟುಕೊಂಡು, ಹೊಸ ಬಣ್ಣದ ಮೇಲೆ ಮತ್ತೆ ಹಾಗೆಯೇ ಮೂಡಿಸುತ್ತಾರೆ. ಐವತ್ತು ವರ್ಷಗಳ ಹಿಂದೆ ಕೆಲವೇ ಸೆಕೆಂಡುಗಳಲ್ಲಿ ಆದ ಅಜಾಗ್ರತೆಯನ್ನು ಇಂದು ಗಂಟೆಗಟ್ಟಲೆ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ನಗುವವರು ನಗಬಹುದು. ಆದರೆ ಆ ಬೊಟ್ಟುಗಳ ಹಿಂದೆ ಮನುಷ್ಯರಿದ್ದರು.

ಹ್ಯಾಮ್‌ಟ್ರಾಮಿಕ್‌ನ ಆ ಕಾರ್ಖಾನೆಗೆ 'ಡಾಡ್ಜ್ ಮೇನ್' ಎಂದು ಹೆಸರು. ಅಲ್ಲಿನ ಕಾರ್ಮಿಕರಲ್ಲಿ ಪೋಲೆಂಡಿನಿಂದ ವಲಸೆ ಬಂದ ಕುಟುಂಬಗಳವರೂ ಕರಿಯರೂ ಬಹಳ ಮಂದಿ. ಎಲ್ಲಕ್ಕಿಂತ ಕಠಿಣ, ಕೊಳಕು ಕೆಲಸಗಳು ಕರಿಯರ ಪಾಲಿಗೆ ಬರುತ್ತಿದ್ದವು. 1968ರ ಮೇ 2ರಂದು ಸುಮಾರು 4 ಸಾವಿರ ಕಾರ್ಮಿಕರು ಸಂಘದ ಅನುಮತಿಗೂ ಕಾಯದೆ ಮುಷ್ಕರ ಹೂಡಿದರು. ಅವರ ದೂರು ಸಂಬಳದ್ದಲ್ಲ, ವೇಗದ್ದು. ಜೋಡಣೆಯ ಸಾಲನ್ನು ಮನುಷ್ಯರ ಕೈಗೆ ಎಟುಕದಷ್ಟು ವೇಗವಾಗಿ ಓಡಿಸಲಾಗುತ್ತಿತ್ತು. ಮುಷ್ಕರದ ಶಿಕ್ಷೆ ಹೆಚ್ಚಾಗಿ ಕರಿಯ ಕಾರ್ಮಿಕರ ತಲೆಗೇ ಬಂದಾಗ 'ಡ್ರಮ್' ಎಂಬ ಚುಟುಕು ಹೆಸರಿನ ಡಾಡ್ಜ್ ಕ್ರಾಂತಿಕಾರಿ ಕಾರ್ಮಿಕ ಚಳವಳಿ ಹುಟ್ಟಿತು. ಮುಷ್ಕರದ ಬಳಿಕ ಕೆಲಸ ಕಳೆದುಕೊಂಡ ಜನರಲ್ ಬೇಕರ್ ಅದರ ಮುಂದಾಳುಗಳಲ್ಲೊಬ್ಬ. ಮರು ವರ್ಷವೇ 1970ರ ಮಾದರಿಯ ಚಾಲೆಂಜರ್, ಬ್ಯಾರಕುಡಾ ಕಾರುಗಳು ಅದೇ ಕಾರ್ಖಾನೆಯಿಂದ ಹೊರಬರತೊಡಗಿದವು. ಇಂದು ಸಂಗ್ರಾಹಕರು ಪೂಜಿಸುವ ಕಾರುಗಳು ಅವೇ.

ಹೆಚ್ಚಾಗಿ ಬಿದ್ದ ಅಂಟು, ಹಾರಿದ ಬಣ್ಣ ಅಂಥ ಅವಸರದ ಸಾಲಿನ ಕುರುಹುಗಳು. ಮುಂದಿನ ಕಾರು ಬರುವಷ್ಟರಲ್ಲಿ ಇದನ್ನು ಮುಗಿಸಲೇಬೇಕಿದ್ದ ಕೈಯ ಗುರುತುಗಳು. ಡಾಡ್ಜ್ ಮೇನ್ 1980ರಲ್ಲಿ ಬಾಗಿಲು ಹಾಕಿತು, 1981ರಲ್ಲಿ ಕಟ್ಟಡವನ್ನೂ ಕೆಡವಲಾಯಿತು. ಆ ಜಾಗದಲ್ಲೀಗ ಜನರಲ್ ಮೋಟಾರ್ಸ್ ಕಂಪನಿಯ ಬೇರೊಂದು ಕಾರ್ಖಾನೆ ನಿಂತಿದೆ. ಅಲ್ಲಿ ದುಡಿದವರ ಕೈಗುರುತು ಇನ್ನೆಲ್ಲಾದರೂ ಉಳಿದಿದ್ದರೆ ಈ ಕಾರುಗಳ ಹೊಟ್ಟೆಯಡಿಯಲ್ಲಿ.

ಟಿ.ವಿ. ಕಾರ್ಯಕ್ರಮಗಳ ಮೇಲೆ ಅಭಿಮಾನಿಗಳು ತೆಗೆಯುವ ತಕರಾರಿಗೆ ಇಲ್ಲಿ ತೂಕ ಬರುತ್ತದೆ. ಹಳೆಯ ಕಾರೊಂದನ್ನು ಸರಿಯಾಗಿ ಬಿಚ್ಚಿ ಜೋಡಿಸಲು ಸಾವಿರ ಗಂಟೆ ಮೀರುವುದು ಸಾಮಾನ್ಯ. ಅದನ್ನು ಒಂದು ವಾರಕ್ಕೆ ಇಳಿಸಿ, ಮತ್ತೆ ಒಂದು ಗಂಟೆಗೆ ಕತ್ತರಿಸಿ ತೋರಿಸುವಾಗ ತುಕ್ಕು ಉಜ್ಜುವ, ತಗಡು ತಿದ್ದುವ ಕೆಲಸವೇ ಮೊದಲು ಕಾಣೆಯಾಗುತ್ತದೆ. ಉಳಿಯುವುದು ವಿನ್ಯಾಸಕಾರನ ಚಿತ್ರ ಮತ್ತು ಒಡೆಯನ ಕಣ್ಣೀರು. ಗಡುವಿನ ಒತ್ತಡದಲ್ಲಿ ರಾತ್ರಿಯಿಡೀ ದುಡಿಯುವ ಗ್ಯಾರೇಜಿನ ಹುಡುಗರ ಸ್ಥಿತಿ ಹಳೆಯ ಕಾರ್ಖಾನೆಯ ಸಾಲಿನವರ ಸ್ಥಿತಿಯನ್ನೇ ನೆನಪಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ಒಡೆಯನ ಕಣ್ಣೀರು ಸುಳ್ಳಲ್ಲ. ತೀರಿಕೊಂಡ ತಂದೆ ಓಡಿಸುತ್ತಿದ್ದ ಕಾರು ಮತ್ತೆ ಗುಡುಗಿದಾಗ ಮಗನಿಗೆ ಅದರ ಅಂಕಿಗಳು ತಾಳೆಯಾಗುತ್ತವೆಯೇ ಎಂಬ ಚಿಂತೆ ಇರುವುದಿಲ್ಲ, ಇರಬೇಕೆಂದೂ ಇಲ್ಲ. ಸಾವಿರಗಟ್ಟಲೆ ತಯಾರಾದ ಸಾಧಾರಣ ಕಾರಿಗೆ ಮಗ ತನಗೆ ಬೇಕಾದ ಬಣ್ಣ ಬಳಿದರೆ ಚರಿತ್ರೆಗೆ ನಷ್ಟವೇನೂ ಆಗದು. ಮೈಮೇಲೆ ಮೊದಲ ಬಣ್ಣವೂ ಮೊದಲ ಗುರುತುಗಳೂ ಉಳಿದ ಕಾರಿನ ಮಾತು ಬೇರೆ. ಅಲ್ಲಿ ಒಮ್ಮೆ ಉಜ್ಜಿ ತೆಗೆದದ್ದು ಮರಳಿ ಬಾರದು. ನಕಲು ಮಾಡಿದ ಸೀಮೆಸುಣ್ಣದ ಗೀಟು ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ನಕಲೇ.

ಹಳೆಯ ಕ್ರೈಸ್ಲರ್ ಕಾರುಗಳ ಸೀಟು ಬಿಚ್ಚುವಾಗ ಸ್ಪ್ರಿಂಗುಗಳ ನಡುವೆ ಒಮ್ಮೊಮ್ಮೆ ಮಾಸಿದ ಕಾಗದವೊಂದು ಸಿಗುತ್ತದೆ. ಈ ಕಾರಿಗೆ ಯಾವ ಎಂಜಿನ್, ಯಾವ ಬಣ್ಣ ಎಂದು ಸಾಲಿನಲ್ಲಿ ನಿಂತವರಿಗೆ ತಿಳಿಸುತ್ತಿದ್ದ ಆದೇಶದ ಹಾಳೆ ಅದು. ಕೆಲಸ ಮುಗಿದ ಮೇಲೆ ಅದು ಯಾರಿಗೂ ಬೇಕಿರಲಿಲ್ಲವಾದ್ದರಿಂದ ಅಲ್ಲೇ ಉಳಿದುಹೋಗಿತ್ತು. ಇಂದು ಸಂಗ್ರಾಹಕರು ಅದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಕಾಪಾಡುತ್ತಾರೆ. ಅದರಲ್ಲಿ ಕಾರಿನ ವಿವರವೆಲ್ಲ ಇದೆ, ಕಾರನ್ನು ಕಟ್ಟಿದ ಒಬ್ಬರ ಹೆಸರೂ ಇಲ್ಲ.